ಹೂಮಳೆಯ ಹಿಂದೆ ಬರಬೇಕಾದ ಮಳೆ: ಮದ್ದಿಗೆ ಬಗ್ಗದ ಖಿನ್ನತೆಗೆ ಎರಡು ಚಿಕಿತ್ಸೆಗಳ ಜೋಡಿ

ಭಾವನ ಬಲಗೈ ಹೆಬ್ಬೆರಳು ತಟ್ಟನೆ ಮೇಲಕ್ಕೆ ಹಾರಿತು. ಅವರು ಕುರ್ಚಿಯಲ್ಲಿ ಅಂಗೈ ಸಡಿಲ ಬಿಟ್ಟು ಕುಳಿತಿದ್ದರು. ತಲೆಯ ಎಡಭಾಗಕ್ಕೆ, ಕಿವಿಗಿಂತ ಸ್ವಲ್ಪ ಮೇಲೆ, ಎರಡು ಬಳೆಗಳನ್ನು ಅಕ್ಕಪಕ್ಕ ಜೋಡಿಸಿದಂತಿದ್ದ ಒಂದು ಸುರುಳಿಯನ್ನು ತಾಗಿಸಿದ್ದರು. ಟಕ್ ಎಂಬ ಸದ್ದು, ಬೆರಳಿನ ಕುಣಿತ. ಡಾಕ್ಟರ್ ಯಂತ್ರದ ಶಕ್ತಿಯನ್ನು ಒಂದಿಷ್ಟು ಇಳಿಸಿದರು. ಮತ್ತೆ ಟಕ್. ಈ ಸಲ ಬೆರಳು ಸುಮ್ಮನಿತ್ತು. ಭಾವ ನನ್ನ ಕಡೆ ತಿರುಗಿ, ‘ನಾನು ಅಲ್ಲಾಡಿಸಲಿಲ್ಲ ಮಾರಾಯ, ಅದೇ ಹಾರಿತು’ ಎಂದರು. ತಿಂಗಳುಗಳ ನಂತರ ಅವರ ದನಿಯಲ್ಲಿ ನಾನು ಕೇಳಿದ ಮೊದಲ ಅಚ್ಚರಿ ಅದು.

ಭಾವನಿಗೆ ಮಡಿಕೇರಿ ತಾಲೂಕಿನಲ್ಲಿ ಕಾಫಿ ತೋಟವಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ರೋಬಸ್ಟಾ ಗಿಡಗಳು, ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳು ಎಲ್ಲವೂ ಸೇರಿ ತೋಟದ ಒಂದು ಮಗ್ಗುಲೇ ಹೊಳೆಗೆ ಹೋಯಿತು. ಅವರು ಆಗ ಕುಸಿಯಲಿಲ್ಲ. ಪರಿಹಾರದ ಅರ್ಜಿ, ಬ್ಯಾಂಕು, ಮಗಳ ಕಾಲೇಜು ಎಂದು ಓಡಾಡಿದರು. ಓಡಾಟವೆಲ್ಲ ಮುಗಿದ ಮೇಲೆ, ಯಾವ ಕಾರಣವೂ ಎದುರಿಗಿಲ್ಲದ ಒಂದು ಮಳೆಗಾಲದಲ್ಲಿ, ಹಾಸಿಗೆಯಿಂದ ಏಳುವುದು ಅವರಿಗೆ ಕಷ್ಟವಾಯಿತು. ಅವರ ಮನೆಯಲ್ಲಿ ತಂದೆಯ ಕಾಲದಿಂದ ನಡೆದು ಬಂದ ಮಳೆ ಪುಸ್ತಕವೊಂದಿದೆ. ಪ್ರತಿದಿನ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುವ ಪುಸ್ತಕ. ಆ ವರ್ಷ ಅದರ ಪುಟಗಳು ಖಾಲಿ ಉಳಿದವು. ಅಕ್ಕನಿಗೆ ಭಯ ಹುಟ್ಟಿದ್ದು ಊಟ ಬಿಟ್ಟಾಗ ಅಲ್ಲ, ಆ ಪುಟಗಳನ್ನು ಕಂಡಾಗ.

ಇದನ್ನೆಲ್ಲ ಬರೆಯಲು ಭಾವ ಒಪ್ಪಿದ್ದಾರೆ. ಅವರಂತಹವರು ಕೊಡಗಿನಲ್ಲಿ ಇನ್ನೂ ಹಲವರಿದ್ದಾರೆ, ಅವರ ಮನೆಯವರು ಓದಲಿ ಎಂಬುದು ಭಾವನ ಆಸೆ. ಸುರುಳಿಯಿಂದ ಮೆದುಳಿಗೆ ಕಾಂತದ ಮಿಡಿತ ಕೊಡುವುದು, ಮೈಂಡ್‌ಫುಲ್‌ನೆಸ್ ಎಂಬ ಸಾವಧಾನದ ಅಭ್ಯಾಸ, ಈ ಎರಡನ್ನು ಜೋಡಿಸಿದ ಚಿಕಿತ್ಸೆಯ ಕಥೆ ಇದು.

ಒಂದಾದ ಮೇಲೊಂದರಂತೆ ಎರಡು ಬಗೆಯ ಮಾತ್ರೆಗಳನ್ನು ಅವರಿಗೆ ಕೊಟ್ಟಿದ್ದರು. ಎರಡರಿಂದಲೂ ಹೇಳಿಕೊಳ್ಳುವಷ್ಟು ಗುಣ ಕಾಣಲಿಲ್ಲ. ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರಗಳ ಕಾಲ ಎರಡು ಬೇರೆ ಬೇರೆ ಖಿನ್ನತೆ ನಿವಾರಕ ಔಷಧಗಳನ್ನು ತೆಗೆದುಕೊಂಡರೂ ಕಾಯಿಲೆ ಜಗ್ಗದಿದ್ದರೆ ವೈದ್ಯರು ಅದನ್ನು ಚಿಕಿತ್ಸೆಗೆ ಬಗ್ಗದ ಖಿನ್ನತೆ ಎನ್ನುತ್ತಾರೆ. ಹೆಸರು ಕೇಳಿದರೆ ಎದೆ ಒಡೆಯುತ್ತದೆ, ಆದರೆ ಇದು ಅಪರೂಪವಲ್ಲ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟವಾದ ‘ಸ್ಟಾರ್-ಡಿ’ ಎಂಬ ದೊಡ್ಡ ಅಧ್ಯಯನದಲ್ಲಿ, ಮೊದಲ ಔಷಧಕ್ಕೆ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಹಂತ ದಾಟಿದಂತೆಲ್ಲ ಗುಣವಾಗುವ ಸಾಧ್ಯತೆ ಇಳಿಯುತ್ತ ಹೋಯಿತು. ಆದ್ದರಿಂದ ಮೊದಲ ಮಾತ್ರೆ ಹಿಡಿಯಲಿಲ್ಲ ಎಂದರೆ ರೋಗಿಗೆ ಮನಸ್ಸಿಲ್ಲ ಎಂದಲ್ಲ, ದೇವರು ಕೈಬಿಟ್ಟ ಎಂದೂ ಅಲ್ಲ.

ಬಗ್ಗುತ್ತಿಲ್ಲ ಎಂದು ತೀರ್ಮಾನಿಸುವ ಮೊದಲು ಒಳ್ಳೆಯ ವೈದ್ಯರು ಕೆಲವನ್ನು ಪರೀಕ್ಷಿಸುತ್ತಾರೆ. ಥೈರಾಯ್ಡ್ ಹೇಗಿದೆ? ಬಿ12 ಕಡಿಮೆ ಇದೆಯೇ? ಹಿಂದೆ ಯಾವಾಗಲಾದರೂ ಅತಿ ಉತ್ಸಾಹ, ನಿದ್ದೆಯಿಲ್ಲದ ಚುರುಕು ಕಂಡಿತ್ತೇ? ಕಂಡಿದ್ದರೆ ಅದು ಅತಿ ಉತ್ಸಾಹವೂ ಖಿನ್ನತೆಯೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರಬಹುದು, ಅದಕ್ಕೆ ಮದ್ದೇ ಬೇರೆ. ಸಂಜೆ ಎಷ್ಟು ಕುಡಿಯುತ್ತೀರಿ? ಹಬ್ಬಕ್ಕೂ ಮದುವೆಗೂ ಗ್ಲಾಸು ಸಹಜವಾಗಿರುವ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ನಿಜ ಹೇಳುವುದು ಅರ್ಧ ಚಿಕಿತ್ಸೆ. ಮದ್ಯ ಖಿನ್ನತೆಯನ್ನು ಬೆಳೆಸುತ್ತದೆ, ಮಾತ್ರೆಯ ಕೆಲಸವನ್ನೂ ಕೆಡಿಸುತ್ತದೆ.

ಇನ್ನು ಜೋಡಿಯ ಮೊದಲ ಅರ್ಧ, ಆ ಸುರುಳಿಯ ವಿಷಯ.

1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟದ್ದು, ಬದಲಾಗುತ್ತಿರುವ ಕಾಂತಕ್ಷೇತ್ರವು ಪಕ್ಕದ ವಾಹಕದಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂಬುದು. ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಮೆದುಳು ಕೂಡ ವಿದ್ಯುತ್ತಿನಲ್ಲಿಯೇ ಮಾತಾಡುವ ಅಂಗ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ಸುರುಳಿಯಿಟ್ಟು, ಅದರಲ್ಲಿ ಕ್ಷಣಮಾತ್ರ ಭಾರೀ ವಿದ್ಯುತ್ ಹರಿಸಿ, ನೋವಿಲ್ಲದೆ ಕೈಯ ಸ್ನಾಯು ಅಲುಗುವಂತೆ ಮಾಡಿದರು. ಕಾಂತಕ್ಷೇತ್ರಕ್ಕೆ ತಲೆಬುರುಡೆ ಅಡ್ಡಿಯಲ್ಲ, ಗಾಜಿನ ಮೂಲಕ ಬೆಳಕು ಹಾದಂತೆ ಅದು ಹಾದುಹೋಗುತ್ತದೆ. ಒಳಗೆ ಎರಡು ಮೂರು ಸೆಂಟಿಮೀಟರ್ ಆಳದವರೆಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್) ಎಂದರೆ ಇದು. ಖಿನ್ನತೆಯ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅನುಮತಿ ಕೊಟ್ಟದ್ದು 2008ರಲ್ಲಿ.

ಭಾವನ ಹೆಬ್ಬೆರಳು ಕುಣಿದದ್ದು ಅಳತೆ ತೆಗೆದುಕೊಳ್ಳುವುದಕ್ಕೆ. ಪ್ರತಿ ತಲೆಗೂ ಬೇಕಾದ ಶಕ್ತಿ ಬೇರೆ. ಹತ್ತು ಸಲ ಟಕ್ ಎನಿಸಿದರೆ ಐದು ಸಲ ಬೆರಳು ಅಲುಗುವಷ್ಟು ಕನಿಷ್ಠ ಶಕ್ತಿ ಯಾವುದು ಎಂದು ಮೊದಲು ಕಂಡುಕೊಳ್ಳುತ್ತಾರೆ. ಆಮೇಲೆ ಸುರುಳಿಯನ್ನು ಹಣೆಯ ಕಡೆಗೆ ಸರಿಸುತ್ತಾರೆ. ಅಲ್ಲಿ, ಹಣೆಯ ಎಡಗಡೆ ಸ್ವಲ್ಪ ಹಿಂದಕ್ಕೆ, ಗಮನ ನಿಲ್ಲಿಸುವ, ಯೋಜನೆ ಹಾಕುವ, ಭಾವನೆಗೆ ಕಡಿವಾಣ ಹಿಡಿಯುವ ಕೆಲಸಗಳಲ್ಲಿ ಪಾಲುಗೊಳ್ಳುವ ಭಾಗವಿದೆ. ಖಿನ್ನತೆಯಲ್ಲಿ ಅದು ಮಂಕಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೂ, ಮೆದುಳಿನ ಆಳದಲ್ಲಿ ದುಃಖದ ಜೊತೆ ನಂಟಿರುವ ಇನ್ನೊಂದು ಭಾಗಕ್ಕೂ ನಡುವೆ ಒಂದು ತೂಗುಯ್ಯಾಲೆಯ ಸಂಬಂಧವಿದೆ: ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಸುರುಳಿಯ ಬಲ ಆ ಆಳಕ್ಕೆ ನೇರವಾಗಿ ಮುಟ್ಟುವುದಿಲ್ಲ. ಆದರೆ ಮೇಲಿನದನ್ನು ಎಬ್ಬಿಸಿದರೆ ತಂತಿಯ ಇನ್ನೊಂದು ತುದಿಯಲ್ಲಿ ಆಳದ್ದು ತಣಿಯುತ್ತದೆ ಎಂಬುದು ಈಗಿನ ತಿಳಿವಳಿಕೆ.

ಹಳೆಯ ಪದ್ಧತಿಯಲ್ಲಿ ಒಂದು ಬಾರಿಗೆ ಸುಮಾರು 37 ನಿಮಿಷ ಹಿಡಿಯುತ್ತಿತ್ತು. ಮೂರು ಮೂರು ಮಿಡಿತಗಳ (ಒಂದೊಂದು ಟಕ್ ಒಂದೊಂದು ಮಿಡಿತ) ಗೊಂಚಲುಗಳಲ್ಲಿ 600 ಮಿಡಿತ ಕೊಡುವ ಹೊಸ ಪದ್ಧತಿಗೆ ಮೂರು ನಿಮಿಷ ಸ್ವಲ್ಪ ಮೇಲೆ ಸಾಕು. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಚಿಕ್ಕದು ದೊಡ್ಡದಕ್ಕಿಂತ ಹಿಂದೆ ಬೀಳಲಿಲ್ಲ. ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಲಕ್ಷಣಗಳು ಅರ್ಧಕ್ಕಿಳಿದವು. ಪೂರ್ತಿ ಚೇತರಿಸಿಕೊಂಡವರು ಸುಮಾರು ಶೇ. 30. ಔಷಧ ಸೋತ ಮೇಲೆ ಬಂದವರಲ್ಲಿ ಈ ಅಂಕಿ ಸಣ್ಣದಲ್ಲ ಎಂದೇ ನನ್ನ ಭಾವನೆ.

ಇದು ‘ಕರೆಂಟ್ ಕೊಡುವುದು’ ಅಲ್ಲ. ಊರಿನಲ್ಲಿ ಎಲ್ಲರೂ ಅದನ್ನೇ ಕೇಳಿದರು. ಜನ ಹಾಗೆ ಕರೆಯುವುದು 1938ರಿಂದ ಬಳಕೆಯಲ್ಲಿರುವ ಇಸಿಟಿಯನ್ನು, ಅದು ಬೇರೆ ಚಿಕಿತ್ಸೆ. ಅರಿವಳಿಕೆ ಕೊಟ್ಟು, ಮೆದುಳಿನಲ್ಲಿ ಅಪಸ್ಮಾರದಂತಹ ಅಲೆ ಎಬ್ಬಿಸುವ ವಿಧಾನ ಅದು. ಅತಿ ತೀವ್ರ ಖಿನ್ನತೆಗೆ ಇವತ್ತಿಗೂ ಅದೇ ಎಲ್ಲಕ್ಕಿಂತ ಬಲವಾದ ಚಿಕಿತ್ಸೆ. ಅರಿವಳಿಕೆ ಇಲ್ಲದೆ ಅದನ್ನು ಕೊಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಟಿಎಂಎಸ್‌ಗೆ ಅರಿವಳಿಕೆ ಬೇಡ, ಎಚ್ಚರವಾಗಿ ಕುಳಿತಿರುತ್ತೀರಿ, ಮುಗಿದ ಮೇಲೆ ಎದ್ದು ಕಾಫಿಗೆ ಹೋಗಬಹುದು. ತಲೆನೋವು, ಸುರುಳಿ ತಾಗುವಲ್ಲಿ ಕುಟುಕಿದಂತಹ ನೋವು ಕೆಲವರಿಗೆ ಬರುತ್ತದೆ. ಫಿಟ್ಸ್ ಬರುವ ಅಪಾಯ ಇದೆ, ತೀರಾ ಅಪರೂಪ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಇದು ಸಲ್ಲದು.

ಟಿಡಿಸಿಎಸ್ ಎಂಬ ಇನ್ನೊಂದು ವಿಧಾನವೂ ಇದೆ. ಹಣೆಗೆ ಒದ್ದೆ ಸ್ಪಂಜು ಕಟ್ಟಿ ಸುಮಾರು 2 ಮಿಲಿಆಂಪಿಯರ್‌ನಷ್ಟು ಮೆಲುವಾದ ವಿದ್ಯುತ್ತನ್ನು ಅರ್ಧ ಗಂಟೆ ಹರಿಸುವುದು. ಅಗ್ಗ, ಹಗುರ, ಮನೆಗೂ ಒಯ್ಯಬಹುದು. ಆದರೆ ಪುರಾವೆ ಏರುಪೇರಾಗಿದೆ. ಜರ್ಮನಿಯಲ್ಲಿ ಔಷಧದ ಜೊತೆಗೆ ಅದನ್ನು ಸೇರಿಸಿ ನೋಡಿದ, 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೋಲಿಕೆಗಾಗಿ ಬರೀ ತೋರಿಕೆಗೆ ಕೊಡುವ ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಯೂಟ್ಯೂಬ್ ನೋಡಿ ಬ್ಯಾಟರಿ ಕಟ್ಟಿಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಅದನ್ನು ಬಿಡಿ. ಚರ್ಮ ಸುಟ್ಟುಕೊಂಡವರಿದ್ದಾರೆ.

ಜೋಡಿಯ ಎರಡನೆಯ ಅರ್ಧ ಮೈಂಡ್‌ಫುಲ್‌ನೆಸ್. ಸಾವಧಾನ ಎಂಬ ನಮ್ಮ ಹಳೆಯ ಮಾತು ಅದಕ್ಕೆ ಹತ್ತಿರ. ಕುಶಾಲನಗರದ ಸೇತುವೆ ದಾಟಿ ಬೈಲುಕುಪ್ಪೆಗೆ ಹೋದರೆ ಇದನ್ನೇ ಬದುಕಾಗಿಸಿಕೊಂಡ ಭಿಕ್ಷುಗಳು ಸಿಗುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಕಲಿಸುವುದು ಧರ್ಮದ ಸಾಧನೆಯಲ್ಲ, ಎಂಟು ವಾರಗಳ ಪಾಠಕ್ರಮ. 1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ದೀರ್ಘಕಾಲದ ನೋವು, ಒತ್ತಡ ಇದ್ದವರಿಗೆ ಒಂದು ಕ್ರಮವನ್ನು ಶುರುಮಾಡಿದರು. ಅದರ ಆಧಾರದ ಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಖಿನ್ನತೆಗಾಗಿಯೇ ಎಂಬಿಸಿಟಿ (ಮೈಂಡ್‌ಫುಲ್‌ನೆಸ್ ಆಧರಿಸಿದ ಅರಿವಿನ ಚಿಕಿತ್ಸೆ) ರೂಪಿಸಿದರು.

ಮೊದಲ ತರಗತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ಕೈಗೆ ಕೊಟ್ಟು, ಜೀವನದಲ್ಲಿ ಮೊದಲ ಸಲ ನೋಡುತ್ತಿರುವಂತೆ ನೋಡಿ, ಮೂಸಿ, ನಿಧಾನವಾಗಿ ತಿನ್ನಿ ಎನ್ನುತ್ತಾರೆ. ಭಾವ ಮನೆಗೆ ಮರಳಿದ ಮೇಲೆ ಅದನ್ನು ನಮ್ಮ ಕಿತ್ತಳೆಯಲ್ಲಿ ಮಾಡಿದರು. ನಾನು ಪಕ್ಕದಲ್ಲಿ ಕುಳಿತಿದ್ದೆ. ಸಡಿಲ ಸಿಪ್ಪೆಯನ್ನು ಬಿಡಿಸಿದಾಗ ಬೆರಳಿಗೆ ಚಿಮ್ಮಿದ ಎಣ್ಣೆಯ ಘಾಟು. ತೊಳೆಯ ಬೆನ್ನಿಗೆ ಅಂಟಿದ್ದ ಬಿಳಿ ನಾರು. ಕಿಟಕಿಗೆ ಹಿಡಿದರೆ ಒಳಗೆ ನೆರಳಿನಂತೆ ಕಾಣುವ ಎರಡು ಬೀಜ. ಬಾಯಿಗಿಟ್ಟು ಕಚ್ಚದೆ ಸುಮ್ಮನಿದ್ದರು. ಕಚ್ಚಿದ ಮೇಲೆ ಹೇಳಿದರು: ‘ನಡುವೆ ನಾಲ್ಕು ಸಲ ಮನಸ್ಸು ಆ ಗುಡ್ಡಕ್ಕೆ ಹೋಯಿತು. ನಾಲ್ಕು ಸಲವೂ ಹೋದದ್ದು ಗೊತ್ತಾಯಿತು.’

ಆ ‘ಗೊತ್ತಾಯಿತು’ ಎಂಬ ಮಾತಿನಲ್ಲಿ ಇಡೀ ಅಭ್ಯಾಸವಿದೆ. ಮನಸ್ಸನ್ನು ಖಾಲಿ ಮಾಡುವುದು ಗುರಿಯಲ್ಲ, ಹಾಯಾಗಿರುವುದೂ ಗುರಿಯಲ್ಲ. ಮನಸ್ಸು ಅಲೆದಾಗ ಅಲೆದಿದೆ ಎಂದು ಕಂಡು, ಬೈಯದೆ ಮರಳಿ ಕರೆತರುವುದು. ಮೆಲುಕು ಎಂಬ ಮಾತನ್ನು ನಾವು ಸಿಹಿ ನೆನಪಿಗೆ ಬಳಸುತ್ತೇವೆ. ಖಿನ್ನತೆಯಲ್ಲಿ ಮೆಲುಕಿಗೆ ಸಿಗುವುದು ಕಹಿ ಮಾತ್ರ: ನಾನು ಆಗಲೇ ತಡೆಗೋಡೆ ಕಟ್ಟಿಸಬೇಕಿತ್ತು, ನಾನೇ ತಪ್ಪು ಮಾಡಿದೆ, ನನ್ನಿಂದ ಯಾರಿಗೂ ಸುಖವಿಲ್ಲ. ಹಗಲಿಡೀ ಅದನ್ನೇ ಅಗಿಯುವುದು. ನಾವು ಯಾವ ಕೆಲಸವನ್ನೂ ಮಾಡದೆ ಸುಮ್ಮನಿರುವಾಗ ಮೆದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗುತ್ತವೆ ಎಂದು 2001ರಲ್ಲಿ ಮಾರ್ಕಸ್ ರೈಕಲ್ ತಂಡ ವಿವರಿಸಿತು. ‘ನಾನು, ನನ್ನದು’ ಎಂಬ ಯೋಚನೆಗಳು ಓಡುವುದು ಹೆಚ್ಚಾಗಿ ಆ ಜಾಲದಲ್ಲಿ. ಕಹಿ ಮೆಲುಕಿಗೂ ಅದಕ್ಕೂ ನಂಟಿದೆ. ಬಹುಕಾಲ ಧ್ಯಾನ ಮಾಡಿದವರಲ್ಲಿ ಧ್ಯಾನದ ವೇಳೆ ಆ ಜಾಲ ತಣ್ಣಗಿರುವುದು 2011ರ ಒಂದು ಅಧ್ಯಯನದಲ್ಲಿ ಕಂಡಿತು.

ಎಂಬಿಸಿಟಿಯ ನಿಜವಾದ ಬಲ ಇರುವುದು ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ. ಇಂಗ್ಲೆಂಡಿನಲ್ಲಿ 424 ಜನರನ್ನು ಎರಡು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಬಿಸಿಟಿ ಕಲಿತು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರೆ ಇಳಿಸುತ್ತ ಬಂದ ಗುಂಪಿನಲ್ಲಿ ಶೇ. 44, ಮಾತ್ರೆಯನ್ನೇ ಮುಂದುವರಿಸಿದ ಗುಂಪಿನಲ್ಲಿ ಶೇ. 47 ಜನರಿಗೆ ಮರುಕಳಿಸಿತು. ಸಮಸಮ ಎನ್ನಬಹುದು.

ಹಾಗಾದರೆ ಬಗ್ಗದ ಖಿನ್ನತೆಗೆ ಮೈಂಡ್‌ಫುಲ್‌ನೆಸ್ ಒಂದೇ ಸಾಲದೇ? ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 173 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಸ್ವಲ್ಪ ಲಾಭ ಕಂಡಿತು, ಆದರೆ ಪೂರ್ತಿ ಚೇತರಿಕೆಯಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಾಯಿಲೆಯ ತಳ ಮುಟ್ಟಿದ ಮನುಷ್ಯನಿಗೆ ಹತ್ತು ನಿಮಿಷ ಉಸಿರನ್ನು ಗಮನಿಸು ಎನ್ನುವುದು, ಕಾಲು ಮುರಿದವನಿಗೆ ತಡಿಯಂಡಮೋಳು ಬೆಟ್ಟ ಹತ್ತು ಎಂದಂತೆ. ಗಮನವನ್ನು ಹಿಡಿದಿಡುವ ಭಾಗವೇ ಸೋತಿರುವಾಗ ಅದನ್ನು ಯಾವುದರಿಂದ ಹಿಡಿಯುವುದು? ಭಾವನಿಗೆ ಮೊದಮೊದಲು ಬಂಧುಗಳು ‘ಧ್ಯಾನ ಮಾಡಿ, ಸರಿಹೋಗುತ್ತದೆ’ ಎಂದಿದ್ದರು. ಅವರು ಕುಳಿತರು, ಆಗಲಿಲ್ಲ, ಇದೂ ನನ್ನಿಂದಾಗದು ಎಂಬ ಇನ್ನೊಂದು ಕಹಿ ಮೆಲುಕಿಗೆ ಸೇರಿತು.

ಟಿಎಂಎಸ್‌ನ ಕೊರತೆ ಇದಕ್ಕೆ ವಿರುದ್ಧ ದಿಕ್ಕಿನದು. ಅದು ಎಬ್ಬಿಸುತ್ತದೆ, ಆದರೆ ಎದ್ದದ್ದು ಎಲ್ಲರಲ್ಲೂ ನಿಲ್ಲುವುದಿಲ್ಲ. ಆರು ವಾರ ಮುಗಿಸಿ ಮನೆಗೆ ಹೋದವರಲ್ಲಿ ಸಾಕಷ್ಟು ಜನರಿಗೆ ವರ್ಷದೊಳಗೆ ಕಾಯಿಲೆ ಮರಳುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಾರ್ಚ್ ಹೊತ್ತಿಗೆ ಹೂಮಳೆ ಬೀಳಬೇಕು. ಒಂದು ಇಂಚು ಒಳ್ಳೆಯ ಮಳೆ ಬಂದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಆದರೆ ಹೂವು ಕಂಡು ಯಾರೂ ಫಸಲಿನ ಲೆಕ್ಕ ಹಾಕುವುದಿಲ್ಲ. ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಬೇಕು. ಅದು ಬಾರದಿದ್ದರೆ ಕಾಯಿ ಕಟ್ಟುವುದಿಲ್ಲ. ಹೂಮಳೆ ತಪ್ಪಿ ಬ್ಯಾಕಿಂಗ್ ಮಳೆ ಮಾತ್ರ ಬಂದರೂ ಪ್ರಯೋಜನವಿಲ್ಲ. ಎರಡರ ನಡುವಿನ ಅಂತರಕ್ಕೂ ಬೆಲೆಯಿದೆ.

ಮೆದುಳಿನ ಮಟ್ಟಿಗೂ ಸಮಯ ಮುಖ್ಯ ಎನ್ನಲು ಗಟ್ಟಿ ಕಾರಣವಿದೆ. ಒಂದು ಸುತ್ತು ಮಿಡಿತ ಮುಗಿದ ಮೇಲೂ ಸ್ವಲ್ಪ ಹೊತ್ತು, ಕೆಲವೊಮ್ಮೆ ಒಂದು ಗಂಟೆಯಷ್ಟು, ಆ ಭಾಗದ ನರಕೋಶಗಳು ಬದಲಾವಣೆಗೆ ಹೆಚ್ಚು ತೆರೆದುಕೊಂಡಿರುತ್ತವೆ. ಒಟ್ಟಿಗೆ ಮಿಡಿಯುವ ಕೋಶಗಳ ನಡುವಿನ ಬೆಸುಗೆ ಬಲವಾಗುತ್ತದೆ ಎಂಬ ತತ್ವವನ್ನು ಡೊನಾಲ್ಡ್ ಹೆಬ್ 1949ರಲ್ಲಿಯೇ ಮುಂದಿಟ್ಟಿದ್ದರು. ಅಂದರೆ ಆ ಹೊತ್ತಿನಲ್ಲಿ ಮೆದುಳು ಏನು ಮಾಡುತ್ತಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಸುರುಳಿಯ ಕೆಳಗೆ ಕುಳಿತು ಮೊಬೈಲಿನಲ್ಲಿ ಬೆಟ್ಟ ಕುಸಿದ ಸುದ್ದಿ ನೋಡುತ್ತಿದ್ದರೆ ಒಂದು ಬೆಸುಗೆ, ಉಸಿರಿಗೆ ಮರಳಿ ಬರುವುದನ್ನು ಅಭ್ಯಾಸ ಮಾಡುತ್ತಿದ್ದರೆ ಇನ್ನೊಂದು. ಇದು ಬರೀ ಊಹೆಯಲ್ಲ. ಗೀಳು ಕಾಯಿಲೆಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಟಿಎಂಎಸ್ ಕ್ರಮದಲ್ಲಿ, ಮಿಡಿತ ಕೊಡುವ ಮೊದಲು ರೋಗಿಯ ಗೀಳನ್ನು ಬೇಕೆಂದೇ ಕೆದಕುತ್ತಾರೆ. ಆ ಜಾಲ ಎಚ್ಚರವಾಗಿರುವಾಗಲೇ ಅದನ್ನು ತಿದ್ದಬೇಕೆಂಬುದು ಅದರ ಹಿಂದಿನ ಲೆಕ್ಕಾಚಾರ.

ಸಾವಧಾನದ ಅಭ್ಯಾಸವೂ ಟಿಎಂಎಸ್ ಮುಟ್ಟುವ ಅದೇ ಗಮನದ ಭಾಗವನ್ನು ದುಡಿಸುತ್ತದೆ. ಒಂದು ಹೊರಗಿನಿಂದ ಎಬ್ಬಿಸುತ್ತದೆ, ಇನ್ನೊಂದು ಒಳಗಿನಿಂದ. ಹೂಮಳೆಯ ಹೋಲಿಕೆ ಇಲ್ಲಿ ಸ್ವಲ್ಪ ತಪ್ಪುತ್ತದೆ, ಏಕೆಂದರೆ ಇಲ್ಲಿ ಎರಡನ್ನೂ ಒಂದೇ ದಿನ, ಒಂದೇ ಕುರ್ಚಿಯಲ್ಲಿ ಕೊಡಬಹುದು.

ಇಷ್ಟಾದರೂ ಪುರಾವೆಯ ವಿಷಯದಲ್ಲಿ ಪ್ರಾಮಾಣಿಕವಾಗಿರಬೇಕು. ಜೋಡಿ ಚಿಕಿತ್ಸೆ ಇನ್ನೂ ಎಳೆಯದು. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಬಗ್ಗದ ಖಿನ್ನತೆಗೆ ಟಿಡಿಸಿಎಸ್ ಜೊತೆ ಮೈಂಡ್‌ಫುಲ್‌ನೆಸ್ ಸೇರಿಸಿದರೆ ಏನು, ಬರೀ ವಿಶ್ರಾಂತಿಯ ಅಭ್ಯಾಸ ಸೇರಿಸಿದರೆ ಏನು ಎಂದು ಹೋಲಿಸಿದರು. 2021ರಲ್ಲಿ ಅಮೆರಿಕದಲ್ಲಿ ಟಿಎಂಎಸ್ ನಡೆಯುವಾಗಲೇ ಧ್ಯಾನದ ಧ್ವನಿಮುದ್ರಿಕೆ ಕೇಳಿಸಿ ನೋಡಿದರು. ಎರಡೂ ಸಣ್ಣ ಗುಂಪುಗಳಲ್ಲಿ ನಡೆದ ಮೊದಲ ಹೆಜ್ಜೆಗಳು. ಇದಕ್ಕಿಂತ ದೊಡ್ಡದೆಂದರೆ ನೆದರ್ಲೆಂಡ್ಸ್‌ನಲ್ಲಿ 196 ಜನರಿಗೆ ಟಿಎಂಎಸ್ ಮತ್ತು ಮಾತಿನ ಚಿಕಿತ್ಸೆಯನ್ನು ಒಟ್ಟಿಗೇ ಕೊಟ್ಟು 2018ರಲ್ಲಿ ವರದಿ ಮಾಡಿದ್ದು. ಶೇ. 56 ಜನ ಪೂರ್ತಿ ಚೇತರಿಸಿಕೊಂಡರು. ಅಂಕಿ ಆಸೆ ಹುಟ್ಟಿಸುತ್ತದೆ. ಆದರೆ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಸೇರಿಸಿದ್ದು ಕೂಡ ಮೈಂಡ್‌ಫುಲ್‌ನೆಸ್ ಅಲ್ಲ. ಹಾಗಾಗಿ ಯಾರಾದರೂ ಜೋಡಿ ಚಿಕಿತ್ಸೆ ಖಚಿತವಾಗಿ ಗುಣಪಡಿಸುತ್ತದೆ ಎಂದು ಹಣ ಕೇಳಿದರೆ ನಂಬಬೇಡಿ. ಎರಡೂ ಬೇರೆ ಬೇರೆಯಾಗಿ ಪರೀಕ್ಷೆಗೆ ಒಳಗಾದವು, ಎರಡನ್ನು ಹತ್ತಿರ ತರುವುದಕ್ಕೆ ಒಳ್ಳೆಯ ಕಾರಣವಿದೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಕೊಡಗಿನವರಿಗೆ ನಿಜವಾದ ಕಷ್ಟ ದಾರಿಯದು. ಟಿಎಂಎಸ್ ಎಂದರೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ 260ರ ಆಸುಪಾಸು. ರೈಲಿಲ್ಲ. ಮೂರು ನಿಮಿಷದ ಚಿಕಿತ್ಸೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಆಗದ ಮಾತು. ಭಾವ ಬೆಂಗಳೂರಿನಲ್ಲಿ ತಮ್ಮ ತಂಗಿಯ ಮನೆಯಲ್ಲಿ ಆರು ವಾರ ಉಳಿದರು. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕನಿಗೆ ಆರು ವಾರದ ಕೂಲಿ ಬಿಟ್ಟು ಹೀಗೆ ಉಳಿಯಲು ಯಾರ ಮನೆಯಿದೆ? ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ಕಾಲೇಜಿರುವಾಗ ಇಂತಹ ಒಂದು ಯಂತ್ರ ಇಲ್ಲಿಯೇ ಇರಬೇಕು ಎಂದು ಕೇಳುವುದು ದುರಾಸೆಯಲ್ಲ.

ಅಲ್ಲಿಯವರೆಗೆ ಮಾಡಬಹುದಾದದ್ದೂ ಇದೆ. ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಬೇರೆಲ್ಲಾದರೂ ಮನೋವೈದ್ಯರನ್ನು ಕಂಡು, ಇದುವರೆಗಿನ ಔಷಧಗಳ ಹೆಸರು, ಪ್ರಮಾಣ, ಎಷ್ಟು ವಾರ ತೆಗೆದುಕೊಂಡದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಮಿಡಿತ ಚಿಕಿತ್ಸೆ ಬೇಕೇ ಎಂಬುದು ಆ ಹಾಳೆಯಿಂದ ತಿಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿಎಂಎಸ್, ಟಿಡಿಸಿಎಸ್ ಎರಡೂ ಇವೆ. ಹೋಗುವುದೇ ಆದರೆ, ಅದೇ ವಾರಗಳಲ್ಲಿ ಎಂಬಿಸಿಟಿ ಕಲಿಸುವ ಮನಶ್ಶಾಸ್ತ್ರಜ್ಞರು ಸಿಗುತ್ತಾರೆಯೇ ಎಂದು ಮೊದಲೇ ಕೇಳಿ. ಈ ಕೆಲಸಕ್ಕೆ ಯಂತ್ರ ಬೇಡ, ಊರಿಗೆ ಬಂದ ಮೇಲೆ ಫೋನಿನಲ್ಲಿಯೂ ಮುಂದುವರಿಸಬಹುದು. ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ. ಇಲ್ಲದ ದನಿ ಕೇಳಿಸುವವರು, ದೊಡ್ಡ ಆಘಾತದ ನೆನಪು ಉಕ್ಕಿ ಬರುವವರು ಕಣ್ಣು ಮುಚ್ಚಿ ದೀರ್ಘ ಧ್ಯಾನಕ್ಕೆ ಒಬ್ಬರೇ ಕುಳಿತುಕೊಳ್ಳುವುದು ಒಳ್ಳೆಯದಲ್ಲ. ಕುಸಿತ ಕಂಡವರಲ್ಲಿ ಮಳೆಯ ಸದ್ದೇ ಆ ನೆನಪನ್ನು ಎಬ್ಬಿಸಬಹುದು. ಭಾವನಿಗೆ ಅದಕ್ಕಾಗಿ ಕಣ್ಣು ತೆರೆದು, ಪಾದ ನೆಲಕ್ಕೂರಿ ಮಾಡುವ ಅಭ್ಯಾಸ ಕೊಟ್ಟಿದ್ದರು. ಸಾಯುವ ಯೋಚನೆ ಬರುತ್ತಿದ್ದರೆ ಯಾವುದಕ್ಕೂ ಕಾಯದೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಭಾವನ ಬದಲಾವಣೆ ಒಂದು ಬೆಳಿಗ್ಗೆ ಬಂದದ್ದಲ್ಲ. ಮೂರನೆಯ ವಾರದಲ್ಲಿ ನಿದ್ದೆ ಸರಿಯಾಯಿತು. ಅವರಿಗೆ ಮಿಡಿತ ಕೊಟ್ಟವರು ಬೇರೆ, ಅಭ್ಯಾಸ ಕಲಿಸಿದವರು ಬೇರೆ. ಆದರೂ ಪ್ರತಿದಿನ ಸುರುಳಿಯಿಂದ ಎದ್ದ ಕೂಡಲೇ ಪಕ್ಕದ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕೂರುವಂತೆ ಇಬ್ಬರೂ ಮಾತಾಡಿಕೊಂಡು ಹೊಂದಿಸಿದ್ದರು. ಗುಣವಾದದ್ದು ಯಾವುದರಿಂದ ಎಂದು ಒಬ್ಬ ಮನುಷ್ಯನನ್ನು ನೋಡಿ ಹೇಳಲಾಗದು. ಈಗಲೂ ಅವರು ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಈಗಲೂ ಕೆಲವು ದಿನ ಮಾತು ಕಡಿಮೆ.

ಈ ವರ್ಷ ಹೂಮಳೆ ಬಿದ್ದ ಮರುದಿನ ಅಕ್ಕ ಫೋನ್ ಮಾಡಿದಳು. ಭಾವ ಅಂಗಳದ ಮಳೆಮಾಪಕದೊಳಗಿದ್ದ ಎಲೆ ತೆಗೆದು, ನೀರಳೆದು, ಪುಸ್ತಕ ಹುಡುಕಿ ಬರೆದಿದ್ದರಂತೆ: 92 ಸೆಂಟ್. ಕೆಳಗೆ ಇನ್ನೊಂದು ಸಾಲು ಖಾಲಿ ಬಿಟ್ಟು, ಪಕ್ಕದಲ್ಲಿ ಬ್ಯಾಕಿಂಗ್ ಎಂದು ಬರೆದಿಟ್ಟಿದ್ದಾರಂತೆ.